ಕುಮ್ ಬ್ಲಾಗೊಯೆ ಮಾಡಿಕೊಟ್ಟ ಎರಡು ಪರದೆ

ಬ್ಲಾಗೊಯೆ ಯಾರಿಗೂ ಆಗಲ್ಲ ಅಂದವನಲ್ಲ. ಅವನ ಕಷ್ಟವೆಲ್ಲ ಅಲ್ಲಿಂದಲೇ ಶುರು.

ಆರಿಲ್ಯೆ ಊರಿನ ಬಸ್ ನಿಲ್ದಾಣದ ಹಿಂದೆ ಅವನದೊಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ಗುಡ್ಡದ ಮೇಲಿನ ಜನ ಸತ್ತು ಹೋದ ರೇಡಿಯೋ, ಹೊಗೆ ಬಂದ ಟಿವಿ, ಕುರಿಗಳ ಕೊರಳ ಗಂಟೆ ಕೂಡ ತಂದಿಡುತ್ತಿದ್ದರು. ಗಂಟೆ ತಂದವನನ್ನೂ ಅವನು ವಾಪಸ್ ಕಳಿಸಿದ್ದಿಲ್ಲ. ಬೆಸುಗೆ ಹಾಕಿ ಕೊಡುತ್ತಿದ್ದ. ಹೀಗಿರುವಾಗ ನದಿ ತಿರುವಿನಲ್ಲಿ ಥಂಡಿ ಗೋದಾಮು ಕಟ್ಟಿದ ಮುದುಕ ತಿಹೋಮಿರ್ ಒಂದು ಕಂಪ್ಯೂಟರ್ ತರಿಸಿದ. ಅದನ್ನು ಬಿಚ್ಚುವ ಧೈರ್ಯ ಯಾರಿಗೂ ಇರಲಿಲ್ಲ. "ಆ ರೇಡಿಯೋದವನನ್ನ ಕರೀರಿ" ಅಂದ ಮುದುಕ. ರೇಡಿಯೋದವನು ಬಂದ, ಬಿಚ್ಚಿದ, ಓಡಿಸಿದ, ಆಮೇಲೆ ಅಂಗಡಿಗೆ ಬಾಗಿಲು ಹಾಕಿ ಅಲ್ಲೇ ಉಳಿದುಬಿಟ್ಟ.

ಜುಲೈ ಬಂತೆಂದರೆ ಇಡೀ ಗುಡ್ಡ ರಾಸ್ಪ್‌ಬೆರಿ ಹಣ್ಣು ಹೊತ್ತು ಆ ಗೋದಾಮಿಗೆ ಇಳಿಯುತ್ತದೆ. ಟ್ರ್ಯಾಕ್ಟರುಗಳ ಸಾಲು ಸೇತುವೆವರೆಗೂ ನಿಲ್ಲುತ್ತದೆ. ಪೆಟ್ಟಿಗೆ ತಕ್ಕಡಿ ಹತ್ತುತ್ತದೆ, ಅಲ್ಲಿಂದ ಥಂಡಿ ಕೋಣೆ ಸೇರುತ್ತದೆ, ಚಳಿಗಾಲದ ಹೊತ್ತಿಗೆ ಜರ್ಮನಿಗೋ ಆಸ್ಟ್ರಿಯಾಕ್ಕೋ ಹೊರಡುತ್ತದೆ. ತಕ್ಕಡಿಯ ಪಕ್ಕದ ಕೋಣೆಯಲ್ಲಿ ಬ್ಲಾಗೊಯೆ ಕೂತಿರುತ್ತಾನೆ. ತೂಗಿದ್ದೆಲ್ಲ ಅವನ ಕಂಪ್ಯೂಟರಿಗೆ ಬರುತ್ತದೆ.

ಮುದುಕ ತೀರಿಕೊಂಡ ಮೇಲೆ ಗೋದಾಮು ಮಕ್ಕಳಿಬ್ಬರ ಪಾಲಿಗೆ ಬಂತು. ಹಿರಿಯವನು ಸ್ರೆಟೆನ್, ಕಿರಿಯವನು ವಿದೋಯೆ. ಇಬ್ಬರ ಮದುವೆಯಲ್ಲೂ ಕೈಯಲ್ಲಿ ಮೇಣದಬತ್ತಿ ಹಿಡಿದು ಸಾಕ್ಷಿಯಾಗಿ ಪಕ್ಕದಲ್ಲಿ ನಿಂತವನು ಬ್ಲಾಗೊಯೆ. ಹಾಗಾಗಿ ಅವನು ಇಬ್ಬರಿಗೂ ಕುಮ್. ನಮ್ಮಲ್ಲಿ ಕುಮ್ ಅಂದರೆ ರಕ್ತಸಂಬಂಧಕ್ಕಿಂತ ಒಂದು ಮೆಟ್ಟಿಲು ಮೇಲೆ. ಒಡಹುಟ್ಟಿದವನ ಜೊತೆ ಜಗಳ ಆಡಬಹುದು, ಕುಮ್ ಜೊತೆ ಆಡುವ ಹಾಗಿಲ್ಲ. ಕುಮ್ ಕೂಡ ಒಬ್ಬರ ಕಡೆ ವಾಲುವ ಹಾಗಿಲ್ಲ.

ಸ್ರೆಟೆನ್ ಒಂದು ಬೆಳಿಗ್ಗೆ ಬಂದು ಬ್ಲಾಗೊಯೆಯ ಮೇಜಿನ ಮೇಲೆ ಪ್ಲಮ್ ಸಾರಾಯಿಯ ಸೀಸೆ ಇಟ್ಟ. ದಪ್ಪ ಕುತ್ತಿಗೆಯ ಮನುಷ್ಯ, ಮಾತೂ ದಪ್ಪ.

"ಕುಮ್, ನನಗೆ ಈ ಹೆಸರು ಗಿಸರು ಬೇಡ. ಯಾವ ಕೋಣೇಲಿ ಎಷ್ಟು ಟನ್ ಇದೆ ಅಂತ ತೋರ್ಸು, ಸಾಕು. ಜಾಮ್ ಮಾಡೋ ಜರ್ಮನಿಯವನು ಹಣ್ಣಿನ ಅಪ್ಪ ಯಾರು ಅಂತ ಕೇಳಲ್ಲ. ದೊಡ್ಡ ಮೂಟೆ, ದೊಡ್ಡ ಲಾರಿ, ಹಿಮ ಬೀಳೋಕೆ ಮುಂಚೆ ಗೋದಾಮು ಖಾಲಿ. ಅಷ್ಟೇ ನಮ್ಮ ವ್ಯಾಪಾರ."

"ಆಗ್ಲಿ, ಮಾಡೋಣ" ಅಂದ ಬ್ಲಾಗೊಯೆ.

ಅದೇ ವಾರ ವಿದೋಯೆ ಬಂದ. ಅವನು ಸೀಸೆ ತರಲಿಲ್ಲ, ಕಾಫಿ ತಂದ. ತೆಳ್ಳಗಿನವನು, ಕೂತಲ್ಲಿ ಕೂರುವವನಲ್ಲ.

"ಅಣ್ಣ ಸಿಮೆಂಟ್ ಮಾರೋ ಹಾಗೆ ಹಣ್ಣು ಮಾರ್ತಾನೆ, ಕುಮ್. ನಂಗೆ ಒಂದೊಂದು ಪೆಟ್ಟಿಗೇನೂ ಯಾವ ತೋಟದ್ದು, ಯಾರು ಬೆಳೆದಿದ್ದು ಅಂತ ಗೊತ್ತಾಗ್ಬೇಕು. ವಿಯೆನ್ನಾದ ಅಂಗಡೀಲಿ ಸಣ್ಣ ಪೊಟ್ಟಣದ ಮೇಲೆ ನಮ್ಮ ಗುಡ್ಡದವರ ಹೆಸರು ಇರ್ಬೇಕು. ಹಣ್ಣು ಇಡಿಯಾಗಿ ಇರ್ಬೇಕು, ಒಂದೂ ಜಜ್ಜಿರಬಾರ್ದು. ಮುಂದೆ ಉಳಿಯೋದು ಈ ವ್ಯಾಪಾರವೇ. ಮಾಡ್ಕೊಡ್ತೀಯಾ?"

"ಆಗ್ಲಿ, ಮಾಡೋಣ" ಅಂದ ಬ್ಲಾಗೊಯೆ.

ಗೋದಾಮು ಎತ್ತ ಹೋಗಬೇಕು ಅನ್ನುವ ಮಾತನ್ನು ಅವರು ಆಡಬೇಕಿದ್ದದ್ದು ಒಬ್ಬರೊಡನೊಬ್ಬರು. ಆಡಿದ್ದು ಕಂಪ್ಯೂಟರಿನವನ ಹತ್ತಿರ. ಲೋಕದಲ್ಲಿ ಎಷ್ಟು ಕಡೆ ಹೀಗೇ ನಡೆಯುತ್ತದೋ! ಎದುರು ಕೂತು ಹೇಳಲಾಗದ್ದನ್ನು ಯಂತ್ರದೊಳಗೆ ತುರುಕಿದರೆ ತಾನೇ ಸರಿಹೋಗುತ್ತದೆ ಅಂದುಕೊಳ್ಳುತ್ತಾರೆ. ಹೋಗುವುದಿಲ್ಲ.

ಬ್ಲಾಗೊಯೆ ಎರಡು ಪರದೆ ಮಾಡಿದ. ಸ್ರೆಟೆನ್ ತನ್ನ ಕೋಣೆಯಲ್ಲಿ ಗುಂಡಿ ಒತ್ತಿದರೆ ಥಂಡಿ ಕೋಣೆಗಳ ಚಿತ್ರ, ಪ್ರತಿ ಕೋಣೆಯ ಮೇಲೆ ಟನ್ನು. ವಿದೋಯೆ ಒತ್ತಿದರೆ ಗುಡ್ಡದ ಚಿತ್ರ, ಪ್ರತಿ ತೋಟದ ಕೆಳಗೆ ಪೆಟ್ಟಿಗೆಗಳು. ಒಳಗಿದ್ದ ಹಣ್ಣು ಒಂದೇ. ಅದು ಅಣ್ಣನಿಗೆ ಅಣ್ಣನ ಹಾಗೆ ಕಾಣುತ್ತಿತ್ತು, ತಮ್ಮನಿಗೆ ತಮ್ಮನ ಹಾಗೆ.

ಇಬ್ಬರೂ ಬಂದು ಅವನ ಬೆನ್ನು ತಟ್ಟಿದರು. ಹೀಗೇ ಎರಡು ವರ್ಷ ನಡೆಯಿತು. ಒಂದು ದಿನ ಊಟದ ಹೊತ್ತಿಗೆ ಅವನು ಇದನ್ನು ಹೆಂಡತಿ ಮಿಲೇವಾಳ ಹತ್ತಿರ ಕೊಚ್ಚಿಕೊಂಡ. ಅವಳು ಸುಟ್ಟ ದೊಣ್ಣೆಮೆಣಸಿನಕಾಯಿಯ ಸಿಪ್ಪೆ ಸುಲಿಯುತ್ತಿದ್ದಳು, ತಲೆ ಎತ್ತಲಿಲ್ಲ.

"ಇಬ್ರಿಗೂ ಒಂದೊಂದು ಕನ್ನಡಿ ಕೊಟ್ಟು ಬಂದಿದ್ದೀಯ ಅನ್ನು."

"ಕನ್ನಡಿ ಅಲ್ಲ ಕಣೆ, ಶಾಂತಿ! ಎರಡು ವರ್ಷದಿಂದ ಅವರ ಅಂಗಳದಲ್ಲಿ ಒಂದು ಏರುದನಿ ಕೇಳಿದ್ದೀಯಾ?"

"ಏರುದನಿ ಇಲ್ಲ, ಸರಿ. ದನೀನೇ ಇಲ್ವಲ್ಲ" ಅಂದಳು ಮಿಲೇವಾ.

ಅದು ಅವನಿಗೆ ಹಿಡಿಸಲಿಲ್ಲ. ಸಾರಿಗೆ ಉಪ್ಪು ಸಾಲದು ಅಂತ ಗೊಣಗಿ ಎದ್ದ. ಉಪ್ಪು ಸರಿಯಾಗೇ ಇತ್ತು.

ಅವನಿಗೂ ಒಳಗೊಳಗೆ ಒಂದು ಅಳುಕಿತ್ತು. ಒಂದೇ ಹಣ್ಣು ಎರಡೂ ಪರದೆಯ ಮೇಲೆ ಮಾರಾಟಕ್ಕೆ ಸಿದ್ಧ ಅಂತ ಕಾಣುತ್ತದೆ ಅನ್ನುವುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಒಂದೇ ಅಂಗಳದಲ್ಲಿ ಮನೆ ಇರುವ ಅಣ್ಣತಮ್ಮಂದಿರು, ಲಾರಿ ಕರೆಸುವ ಮುಂಚೆ ಒಂದು ಮಾತು ಹೇಳಿಕೊಳ್ಳುವುದಿಲ್ಲವೇ ಅಂತ ಅವನ ಲೆಕ್ಕ. ಆ ಕಡೆ ಅಣ್ಣನ ಲೆಕ್ಕ: ತಮ್ಮ ಏನಾದರೂ ಮಾರಿದ್ದರೆ ಕುಮ್ ಹೇಳುತ್ತಿದ್ದ. ತಮ್ಮನ ಲೆಕ್ಕವೂ ಅದೇ. ಮೂವರೂ ಒಬ್ಬರನ್ನೊಬ್ಬರು ನಂಬಿ ಬಾಯಿ ಮುಚ್ಚಿಕೊಂಡಿದ್ದರು.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಗೋದಾಮಿನ ಗೇಟಿಗೆ ಎರಡು ಲಾರಿ ಒಟ್ಟಿಗೇ ಬಂದವು. ಒಂದರ ಚಾಲಕ ಪೋಲೆಂಡಿನವನು, ಇನ್ನೊಂದರವನು ಸ್ಲೊವೇನಿಯಾದವನು. ಇಬ್ಬರ ಕೈಯಲ್ಲೂ ಮೂರನೇ ಕೋಣೆಯ ಹಣ್ಣಿಗೆ ಚೀಟಿ.

ಕಾವಲುಗಾರ ಓಡಿಬಂದು ಬ್ಲಾಗೊಯೆಗೆ ಹೇಳಿದ. ಬ್ಲಾಗೊಯೆ ಎದ್ದು ನಿಂತ, ಮತ್ತೆ ಕೂತ, ಮತ್ತೆ ಎದ್ದ. ಅವನು ಅಂಗಳಕ್ಕೆ ಬರುವ ಹೊತ್ತಿಗೆ ಅಣ್ಣತಮ್ಮಂದಿರು ಮೂರನೇ ಕೋಣೆಯ ಬಾಗಿಲಲ್ಲಿ ನಿಂತಿದ್ದರು, ಒಳಗಿನ ಥಂಡಿಗೆ ಇಬ್ಬರ ಬಾಯಿಂದಲೂ ಹಬೆ ಬರುತ್ತಿತ್ತು.

"ನನ್ನ ಪೆಟ್ಟಿಗೆಗಳೆಲ್ಲಿ?" ವಿದೋಯೆ ಕೇಳಿದ.

"ಯಾವ ಪೆಟ್ಟಿಗೆ? ಹಿಂದಿನ ವಾರಾನೇ ಸುರಿಸಿ ಮೂಟೆ ಕಟ್ಸಿದೀನಿ."

"ಸುರಿಸಿದ್ಯಾ? ಗುಡ್ಡದ ಮೇಲಿನವರ ಹಣ್ಣು, ಒಬ್ಬೊಬ್ಬರದು ಬೇರೆ ಬೇರೆ ಇಟ್ಟಿದ್ದು, ಎಲ್ಲಾ ಒಂದೇ ಮೂಟೆಗಾ?"

"ಮೂಟೆಗೆ ಹಾಕ್ದೆ ತೊಟ್ಟಿಲಿಗೆ ಹಾಕ್ತಾರೇನೋ? ಹಣ್ಣು ಕಣೋ ಅದು, ಕೂಸಲ್ಲ!"

"ವಿಯೆನ್ನಾದವನಿಗೆ ನಾನು ಮಾತು ಕೊಟ್ಟಿದ್ದೆ ಸ್ರೆಟೆನ್. ಈಗ ಯಾವ ಹಣ್ಣು ಯಾರದು ಅಂತ ದೇವರೂ ಹೇಳಲಾರ."

ಅದು ನಿಜ. ಒಮ್ಮೆ ಬೆರೆತ ಹಣ್ಣಿಗೆ ಹೆಸರು ವಾಪಸ್ ಬರುವುದಿಲ್ಲ. ಇಬ್ಬರೂ ತಿರುಗಿ ಬ್ಲಾಗೊಯೆಯನ್ನು ನೋಡಿದರು. ಯಾರೂ ಏನೂ ಅನ್ನಲಿಲ್ಲ, ಕುಮ್ ಅಲ್ಲವೇ. ಬೈದಿದ್ದರೆ ಅವನಿಗೆ ಹಾಯಾಗಿರುತ್ತಿತ್ತು. ಲಾರಿಗಳ ನೆರಳಲ್ಲಿ ಚಾಲಕರಿಬ್ಬರು ಒಬ್ಬನ ಬ್ರೆಡ್ಡು, ಇನ್ನೊಬ್ಬನ ಹಂದಿಮಾಂಸ ಹಂಚಿಕೊಂಡು ತಿನ್ನುತ್ತಾ, ಭಾಷೆ ಬಾರದಿದ್ದರೂ ನಗಾಡುತ್ತಿದ್ದರು. ವಿಯೆನ್ನಾಕ್ಕೆ ಹೋಗಬೇಕಿದ್ದ ಸ್ಲೊವೇನಿಯಾದವನು ಸಂಜೆಯವರೆಗೂ ಕಾದು ಖಾಲಿ ಲಾರಿ ಓಡಿಸಿಕೊಂಡು ಹೋದ.

ಆ ವಾರವೇ ವಿದೋಯೆ ಹೇಳಿಬಿಟ್ಟ: "ಗೋದಾಮು ಪಾಲಾಗ್ಲಿ. ಈ ಸಲ ಸ್ಲಾವಾಕ್ಕೆ ನನ್ನ ಮನೇಲಿ ನಾನೇ ಕೊಲಾಚ್ ಮುರೀತೀನಿ."

ಸ್ಲಾವಾ ಅಂದರೆ ಮನೆತನದ ಸಂತನ ಹಬ್ಬ. ಇವರದು ಡಿಸೆಂಬರಿನ ಸಂತ ನಿಕೋಲಾ. ಅಂದು ಪಾದ್ರಿ ಮನೆಗೆ ಬಂದು ಕೊಲಾಚ್ ಅನ್ನುವ ಚಿತ್ತಾರದ ಬ್ರೆಡ್ಡಿಗೆ ವೈನ್ ಹನಿಸುತ್ತಾನೆ. ಮನೆಯವರು, ಕುಮ್, ಬಂದವರು ಎಲ್ಲ ಸೇರಿ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ಮುರಿಯುತ್ತಾರೆ. ಒಂದು ಮನೆತನಕ್ಕೆ ಒಂದು ಬ್ರೆಡ್ಡು. ಎರಡು ಬೆಂದವು ಅಂದರೆ ಮನೆ ಎರಡಾಯಿತು ಅಂತಲೇ ಅರ್ಥ. ಈವರೆಗೆ ಕೊಲಾಚ್ ಮುರಿಯುತ್ತಿದ್ದದ್ದು ಅಂಗಳದ ನಡುವಿನ ಹಳೇ ಮನೆಯಲ್ಲಿ, ತಾಯಿ ಕೊಸಾರಾಳ ಮೇಜಿನ ಮೇಲೆ. ತಮ್ಮನ ಮಾತು ಕೇಳಿ ಸ್ರೆಟೆನ್ ಹಟಕ್ಕೆ ಬಿದ್ದ: "ಅವನು ಅವನ ಮನೇಲಿ ಮುರಿದ್ರೆ ನಾನೂ ನನ್ನ ಮನೇಲೇ ಮುರೀತೀನಿ."

ಇಬ್ಬರೂ ಬೇರೆ ಬೇರೆಯಾಗಿ ತಕ್ಕಡಿ ಕೋಣೆಗೆ ಬಂದರು. ಹೇಳಿದ್ದು ಒಂದೇ ಮಾತು. ಹಬ್ಬದ ಹೊತ್ತಿಗೆ ನನ್ನ ಪಾಲನ್ನು ಬೇರೆ ಕಂಪ್ಯೂಟರಿಗೆ ಎತ್ತಿಡು.

ಇಬ್ಬರಿಗೂ ಬ್ಲಾಗೊಯೆ ಆಗ್ಲಿ ಅಂದ. ಬಾಯಿಗೆ ಬೇರೆ ಮಾತು ಅಭ್ಯಾಸವೇ ಇರಲಿಲ್ಲವಲ್ಲ.

ಚಳಿ ಹತ್ತಿದ ಮೇಲೆ ಕೆಲಸಕ್ಕೆ ಕೂತ. ಕೋಣೆಗಳನ್ನು ಹಂಚುವುದು ಸುಲಭ. ತೂಕ ಹಂಚುವುದು ಸುಲಭ. ಆದರೆ ತಕ್ಕಡಿಗೆ ಬಂದಾಗ ಅವನ ಕೈ ನಿಂತಿತು. ಜುಲೈನಲ್ಲಿ ರೈತ ಪೆಟ್ಟಿಗೆ ತಂದು ತಕ್ಕಡಿ ಮೇಲಿಡುತ್ತಾನೆ. ಆ ಗಳಿಗೆಯಲ್ಲೇ ಯಂತ್ರ ಕೇಳಬೇಕು: ಈ ಪೆಟ್ಟಿಗೆ ತನ್ನ ಹೆಸರು ಇಟ್ಟುಕೊಳ್ಳುತ್ತದೋ, ಇಲ್ಲವೋ? ಇಟ್ಟುಕೊಳ್ಳುವುದಾದರೆ ಆಮೇಲೆ ಅದನ್ನು ಯಾವುದರ ಜೊತೆಗೂ ಬೆರೆಸುವ ಹಾಗಿಲ್ಲ. ಇಲ್ಲವಾದರೆ ಆಮೇಲೆ ಬೇಕು ಅಂದರೂ ಸಿಗುವುದಿಲ್ಲ. ರೈತನಿಗೆ ಇದು ಗೊತ್ತಿರುವುದಿಲ್ಲ. ಬ್ಲಾಗೊಯೆಗೂ ಗೊತ್ತಿಲ್ಲ. ಗೊತ್ತಿರಬೇಕಾದವರು ಇಬ್ಬರೇ, ಅವರು ಯಾವತ್ತೂ ಕೂತು ಮಾತಾಡಿದವರಲ್ಲ. ಎರಡು ಕಂಪ್ಯೂಟರ್ ಮಾಡಿದರೂ ತಕ್ಕಡಿ ಒಂದೇ, ಗುಡ್ಡ ಒಂದೇ, ರೈತ ಅವನೇ. ಗೋದಾಮು ಹೋಳಾದರೆ ಆ ರೈತ ಯಾವ ಬಾಗಿಲಿಗೆ ಹೋಗಬೇಕು?

ಎರಡು ವರ್ಷ ತಾನು ಮಾಡಿದ್ದೇನು ಅಂತ ಅವನಿಗೆ ಆಗ ಕಂಡಿತು. ಆ ಒಂದು ಪ್ರಶ್ನೆಯನ್ನು ಯಾರಿಗೂ ಕಾಣದ ಹಾಗೆ ಎರಡು ಚಂದದ ಚಿತ್ರಗಳ ಹಿಂದೆ ಬಚ್ಚಿಟ್ಟಿದ್ದ.

ಎರಡೂ ಪರದೆಗಳನ್ನು ಅವನು ಕಿತ್ತುಹಾಕಿದ. ಕೋಪ ಮಾಡಿಕೊಳ್ಳಲಿಲ್ಲ, ರೇಡಿಯೋ ಒಳಗಿನ ಸುಟ್ಟ ತಂತಿ ತೆಗೆಯುವ ಹಾಗೆ ನಿಧಾನವಾಗಿ ತೆಗೆದ. ಉಳಿದದ್ದು ತಕ್ಕಡಿಯ ಮುಂದಿನ ಆ ಪ್ರಶ್ನೆ ಮಾತ್ರ. ಅದಕ್ಕೆ ಉತ್ತರ ಕೊಡದೆ ಯಂತ್ರ ಮುಂದೆ ಹೋಗುತ್ತಿರಲಿಲ್ಲ.

"ಏನು, ಮುಗೀತಾ ಕೆಲಸ?" ಕೇಳಿದಳು ಮಿಲೇವಾ.

"ನನ್ನದು ಮುಗೀತು. ಅವರದು ಶುರುವಾಗ್ಬೇಕು."

ಸಂತ ನಿಕೋಲಾ ದಿನ ಅಂಗಳದಲ್ಲಿ ತೆಳ್ಳಗೆ ಹಿಮ ಬಿದ್ದಿತ್ತು. ಸ್ರೆಟೆನ್ ಮನೆಯಿಂದಲೂ ವಿದೋಯೆ ಮನೆಯಿಂದಲೂ ಹುರಿದ ಮೀನಿನ ವಾಸನೆ. ಹಬ್ಬದ ಯಜಮಾನ ಆ ದಿನ ಕೂರುವುದಿಲ್ಲ, ಮನೆ ಬಿಟ್ಟು ಕದಲುವುದಿಲ್ಲ. ಬಂದವರಿಗೆ ತಾನೇ ಬಡಿಸುತ್ತಾ ನಿಂತಿರುತ್ತಾನೆ. ಹಾಗೆ ಅಣ್ಣತಮ್ಮಂದಿರು ತಮ್ಮ ತಮ್ಮ ಬಾಗಿಲಲ್ಲಿ ಇಸ್ತ್ರಿ ಅಂಗಿ ತೊಟ್ಟು ನಿಂತು, ಕುಮ್ ಮೊದಲು ಯಾರ ಮನೆಗೆ ಬರುತ್ತಾನೆ ಅಂತ ಕಾಯುತ್ತಿದ್ದರು. ಅಂಗಳಕ್ಕೆ ಬಂದ ಬ್ಲಾಗೊಯೆ ಇಬ್ಬರಿಗೂ ಟೋಪಿ ಎತ್ತಿ, ಎರಡೂ ಮನೆಗಳ ನಡುವೆ ನೆಟ್ಟಗೆ ನಡೆದು ಹಳೇ ಮನೆಯ ಬಾಗಿಲು ತಳ್ಳಿದ.

ಕೊಸಾರಾ ಒಬ್ಬಳೇ ಇದ್ದಳು. ಮೇಜಿನ ಮೇಲೆ ಮೇಣದಬತ್ತಿ ಉರಿಯುತ್ತಿತ್ತು. ಬೀನ್ಸ್, ಕಾರ್ಪ್ ಮೀನು, ಸಕ್ಕರೆ ಹಾಕಿದ ಬೇಯಿಸಿದ ಗೋಧಿ. ನಡುವೆ ಒಂದು ಕೊಲಾಚ್. ಯಾರೂ ಹೇಳದಿದ್ದರೂ ಅವಳು ಬೇಯಿಸಿದ್ದಳು.

"ನಿನ್ನನ್ನ ಯಾರು ಕರೆದ್ರು?" ಅಂದಳು ಮುದುಕಿ.

"ಸ್ಲಾವಾಕ್ಕೆ ಯಾರು ಕರೀತಾರಮ್ಮಾ? ನಾವಾಗೇ ಬರ್ತೀವಿ."

ಅವನು ಒಂದು ಚಮಚ ಗೋಧಿ ತಿಂದು, ಕೂತು, ಕೋಟು ಕಳಚಿದ. ಕೋಟು ಕಳಚಿದ ಅಂದರೆ ಏಳುವುದಿಲ್ಲ ಅಂತ ಲೆಕ್ಕ.

ಸ್ವಲ್ಪ ಹೊತ್ತಿಗೆ ಪಾದ್ರಿ ಬಂದ. ಅಣ್ಣನ ಮನೆಗೆ ಹೋದ, ಅಲ್ಲಿ ಕುಮ್ ಬರದೆ ಮುರಿಯಲ್ಲ ಅಂದರು. ತಮ್ಮನ ಮನೆಗೆ ಹೋದ, ಅಲ್ಲೂ ಅದೇ ಮಾತು. ಬೂಟಿನ ಹಿಮ ಒದರುತ್ತಾ ಹಳೇ ಮನೆಗೆ ಬಂದ. "ನನಗಿನ್ನೂ ಅರ್ಧ ಊರು ಬಾಕಿ ಇದೆ. ಎಲ್ಲಿ ಮುರೀತೀರೋ ಬೇಗ ಹೇಳಿ ಮಾರಾಯ್ರೆ." ಅವನ ಹಿಂದೆಯೇ ಸ್ರೆಟೆನ್ ಬಂದ, ಸ್ರೆಟೆನ್ ಬಂದದ್ದು ಕಂಡು ವಿದೋಯೆಯೂ ಬಂದ. ಯಜಮಾನರು ಹಬ್ಬದ ದಿನ ಮನೆ ಬಿಟ್ಟು ಬಂದಿದ್ದರು. ಇಬ್ಬರ ಹೆಗಲ ಮೇಲೂ ಬಡಿಸುವ ಬಟ್ಟೆ.

"ಏಳು ಕುಮ್, ನಮ್ಮ ಮನೆಗೆ" ಅಂದ ಸ್ರೆಟೆನ್.

"ಅವನ ಮನೆಗೆ ಹೋದ್ರೆ ನಮ್ಮನೆಗೂ ಬರ್ಬೇಕು" ಅಂದ ವಿದೋಯೆ.

"ನನಗಿರೋದು ಎರಡೇ ಕೈ" ಅಂದ ಬ್ಲಾಗೊಯೆ. "ಒಂದು ಕೊಲಾಚ್ ತಿರುಗ್ಸೋಕೆ ಎರಡೂ ಬೇಕು. ನಾನು ತಿರುಗ್ಸೋದು ಇದನ್ನ. ಬೇರೆ ಯಾವುದಕ್ಕೂ ಕೈ ಹಾಕಲ್ಲ."

ಆ ಮನುಷ್ಯನ ಬಾಯಿಂದ ಹಾಗೊಂದು ಮಾತನ್ನು ಅಣ್ಣತಮ್ಮಂದಿರು ಕೇಳಿದ್ದು ಅದೇ ಮೊದಲು.

"ಕಂಪ್ಯೂಟರ್ ಕೆಲಸ ಏನಾಯ್ತು?" ವಿದೋಯೆ ಕೇಳಿದ.

"ಎರಡು ಪರದೇನೂ ಕಿತ್ತು ಹಾಕಿದೀನಿ. ಈಗ ಯಂತ್ರ ಒಂದೇ ಮಾತು ಕೇಳುತ್ತೆ. ತಕ್ಕಡಿ ಹತ್ತಿದ ಪೆಟ್ಟಿಗೆ ತನ್ನ ಹೆಸರು ಇಟ್ಕೊಳ್ಳುತ್ತೋ ಇಲ್ವೋ? ಉತ್ತರ ನೀವು ಕೊಡ್ಬೇಕು, ಇಬ್ರೂ ಸೇರಿ. ಕೊಡೋವರೆಗೂ ಅದು ಓಡಲ್ಲ. ನಾನೂ ಏಳಲ್ಲ."

"ಇದೇನು ಬೆದರಿಕೆನಾ?" ಅಂದ ಸ್ರೆಟೆನ್.

"ಹೌದು."

ಪಾದ್ರಿ ನಿಟ್ಟುಸಿರು ಬಿಟ್ಟು ಕುರ್ಚಿ ಎಳೆದುಕೊಂಡ. ಕೊಸಾರಾ ಅಂದಳು: "ನಂಗೆ ನಿಮ್ಮ ಯಂತ್ರ ತಿಳಿಯಲ್ಲ. ಮೀನು ಆರ್ತಿದೆ, ಬೇಗ ಹೇಳಿ ಸಾಯಿರಿ."

ಆಮೇಲೆ ಆ ಮನೆಯಲ್ಲಿ ಎರಡು ವರ್ಷದಿಂದ ಕೇಳದ ಏರುದನಿ ಕೇಳಿತು. ಅಣ್ಣ ಕಿರುಚಿದ, ತಮ್ಮ ಮೇಜು ಗುದ್ದಿದ. "ಎಲ್ಲಾ ಪೆಟ್ಟಿಗೆಗೂ ಹೆಸರು ಇಟ್ಕೊಂಡು ಕೂತ್ರೆ ಕ್ರಿಸ್ಮಸ್ ಆದ್ರೂ ಗೋದಾಮು ಖಾಲಿ ಆಗಲ್ಲ. ಆ ವಿಯೆನ್ನಾದವನು ಮುಂದಿನ ವರ್ಷ ಬೇಡ ಅಂದ್ರೆ? ಅಷ್ಟು ಹಣ್ಣು ಯಾರು ತಿಂತಾರೆ, ನೀನಾ?" ಅಂದ ಸ್ರೆಟೆನ್. "ಎಲ್ಲಾನೂ ಮೂಟೆಗೆ ತುಂಬ್ತಾ ಹೋದ್ರೆ, ಮೇಲಿನ ಊರಿನವರು ಒಳ್ಳೆ ಹಣ್ಣು ಯಾಕಯ್ಯಾ ಬೆಳೀಬೇಕು? ಕೆಳಗಿನವರ ಮೆತ್ತನೆ ಹಣ್ಣಿಗೂ ಅವರ ಹಣ್ಣಿಗೂ ಒಂದೇ ಬೆಲೆ. ನಾಳೆ ಗಿಡ ಕಿತ್ತು ಆಲೂಗಡ್ಡೆ ಹಾಕ್ತಾರೆ. ಆಗ ನೀನು ಮೂಟೇಲಿ ಏನು ತುಂಬ್ತೀಯ, ಕಲ್ಲಾ?" ಅಂದ ವಿದೋಯೆ.

ಆ ಕಡೆಯಿಂದ ಸ್ರೆಟೆನ್ ಯೋಚಿಸಿರಲಿಲ್ಲ. ಕೊನೆಗೆ ಸೀಸೆಗೆ ಕೈ ಹಾಕಿ ಕುಮ್‌ಗೂ ಪಾದ್ರಿಗೂ ಸುರಿದ. ಗಳಿಗೆ ಬಿಟ್ಟು ತಮ್ಮನಿಗೂ ಸುರಿದ.

"ಮೇಲಿನ ಊರಿನವರ ಹಣ್ಣು ತಡವಾಗಿ ಬರುತ್ತೆ" ಅಂದ, ಯಾರನ್ನೂ ನೋಡದೆ. "ಗಟ್ಟಿ ಇರುತ್ತೆ. ಅಷ್ಟಕ್ಕೆ ಹೆಸರು ಇರ್ಲಿ. ಸೇತುವೆಯಿಂದ ಕೆಳಗಿನದಕ್ಕೆಲ್ಲ ಬೇಡ."

"ಒಂದು ಕೋಣೆ ನಂಗೆ ಪೂರ್ತಿ ಬಿಡ್ಬೇಕು. ನೀನು ಮುಟ್ಟಬಾರ್ದು."

"ಮೂರನೇದು ಬೇಡ. ಅದು ದೊಡ್ಡದು. ಐದನೇದು ತಗೋ."

"ಐದನೇದರ ಬಾಗಿಲು ಸರಿಯಾಗಿ ಮುಚ್ಚಲ್ಲ!"

"ಮುಚ್ಚೋ ಹಾಗೆ ಮಾಡ್ಸಿಕೊಡ್ತೀನಿ ಕಣೋ. ಸಾಯ್ತೀಯಾ ಯಾಕೆ?"

ಬ್ಲಾಗೊಯೆ ಎದ್ದು ಕೈ ತೊಳೆದು ಬಂದ. ಪಾದ್ರಿ ಬ್ರೆಡ್ಡಿನ ತಳಕ್ಕೆ ಶಿಲುಬೆಯಾಕಾರದಲ್ಲಿ ಚಾಕು ಹಾಕಿ ವೈನ್ ಹನಿಸಿದ. ಎಲ್ಲರ ಕೈ ಅದರ ಸುತ್ತ ಸೇರಿತು. ಅಣ್ಣನ ದಪ್ಪ ಬೆರಳು ತಮ್ಮನ ಬೆರಳಿನ ಮೇಲೆ ಬಿತ್ತು, ಇಬ್ಬರೂ ತೆಗೆಯಲಿಲ್ಲ. ಬ್ರೆಡ್ಡು ತಿರುಗಿತು, ಮುರಿಯಿತು. ಕೊಸಾರಾ ಮೀನನ್ನು ಮತ್ತೆ ಒಲೆಗೆ ಇಟ್ಟಳು.

ಅಷ್ಟಕ್ಕೇ ಎಲ್ಲ ನೆಟ್ಟಗಾಯಿತು ಅಂತ ಅಂದುಕೊಳ್ಳಬೇಡಿ. ಮುಂದಿನ ಜುಲೈನಲ್ಲಿ ಸೇತುವೆಯ ಪಕ್ಕದ ತೋಟಗಳು ಮೇಲಿನವೋ ಕೆಳಗಿನವೋ ಅಂತ ಜಗಳ ಬಿತ್ತು. ಆಮೇಲೆ ಐದನೇ ಕೋಣೆಯ ಬಾಗಿಲಿಗೆ. ಆದರೆ ಜಗಳ ನಡೆದದ್ದು ಬ್ಲಾಗೊಯೆಯ ಮೇಜಿನ ಮುಂದೆ, ಒಂದೇ ಪರದೆಯ ಎದುರು, ಇಬ್ಬರೂ ಒಟ್ಟಿಗೆ ನಿಂತು. ಅವನು ಕಾಫಿ ಕುಡಿಯುತ್ತಾ ಕೇಳಿಸಿಕೊಳ್ಳುತ್ತಿದ್ದ, ಇಬ್ಬರೂ ಒಂದು ಮಾತಿಗೆ ಬಂದ ಮೇಲೆ ಮಾತ್ರ ಗುಂಡಿ ಒತ್ತುತ್ತಿದ್ದ. ಗೋದಾಮು ಈಗಲೂ ಒಂದೇ ಇದೆ.

ಆ ಹಬ್ಬದ ಮಧ್ಯಾಹ್ನ ಉಳಿದದ್ದು ಬೇರೆ ತಾಪತ್ರಯ. ಇಬ್ಬರ ಮನೆಯಲ್ಲೂ ಬೇಯಿಸಿಟ್ಟ ಎರಡು ಕೊಲಾಚ್. ವೈನ್ ಬೀಳದ, ಯಾರೂ ಮುರಿಯದ ಬ್ರೆಡ್ಡು. "ಕುಮ್ ತಗೊಂಡು ಹೋಗ್ಲಿ" ಅಂದಳು ಮುದುಕಿ. ಎರಡು ಕಂಕುಳಲ್ಲಿ ಎರಡು ಬ್ರೆಡ್ಡು ಇಟ್ಟುಕೊಂಡು ಬ್ಲಾಗೊಯೆ ಹಿಮದಲ್ಲಿ ನಡೆದು ಮನೆಗೆ ಬಂದ.

ಮಿಲೇವಾ ಎರಡನ್ನೂ ಮೇಜಿನ ಮೇಲಿಟ್ಟು ತಿರುಗಿಸಿ ನೋಡಿದಳು. "ಯಾವುದು ಯಾರದು?"

"ಕೇಳ್ಬೇಡ." ಅವನು ಚಾಕು ತಗೊಂಡು ಒಂದರಿಂದ ಒಂದು ತುಂಡು ಕೊಯ್ದ, ಇನ್ನೊಂದರಿಂದಲೂ ಅಷ್ಟೇ ದಪ್ಪದ ತುಂಡು ಕೊಯ್ಯಲು ಹೋದ.

"ನೋಡು, ಮತ್ತೆ ಶುರು ಮಾಡ್ದೆ!" ಅಂದಳು ಮಿಲೇವಾ. "ಒಂದನ್ನ ತಿನ್ನಯ್ಯಾ. ಇನ್ನೊಂದು ನಾಳೆಗಿರ್ಲಿ."

ಅವನು ನಕ್ಕು, ಚಾಕು ಕೆಳಗಿಟ್ಟು, ಕೊಯ್ದ ತುಂಡನ್ನು ಬಾಯಿಗಿಟ್ಟುಕೊಂಡ. ಇನ್ನೊಂದು ಬ್ರೆಡ್ಡನ್ನು ಬಟ್ಟೆ ಮುಚ್ಚಿ ಕಪಾಟಿನಲ್ಲಿಟ್ಟ.